ಗೆರೆ ಎಳೆಯುವ ಮುಂಚೆ ನಮ್ಮನ್ನು ಕರೆಯಿರಿ

ನಮ್ಮ ವಾರ್ಡಿನ ಸದಸ್ಯರಿಗೆ,

ನಮಸ್ಕಾರ. ಬಡಾವಣೆಯ ಯೋಜನೆ ತೋರಿಸುತ್ತೇವೆ ಅಂತ ಹೋದ ತಿಂಗಳು ನೀವು ಸಭೆ ಕರೆದಿರಿ. ನಾವೂ ಬಂದಿದ್ದೆವು. ಗೋಡೆಯ ಮೇಲೆ ಬಣ್ಣಬಣ್ಣದ ನಕ್ಷೆ ಇತ್ತು. ನೋಡೋಕೆ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಗೆರೆಗಳನ್ನೆಲ್ಲ ಆಗಲೇ ಎಳೆದಾಗಿತ್ತು. ಕೊನೆಯ ಹತ್ತು ನಿಮಿಷದಲ್ಲಿ "ಸಲಹೆ ಇದ್ದರೆ ಹೇಳಿ" ಅಂದಿರಿ. ಮನೆ ಕಟ್ಟಿ ಮುಗಿಸಿ, ಬಾಗಿಲು ಎಲ್ಲಿಡೋಣ ಅಂತ ಕೇಳಿದ ಹಾಗಾಯಿತು, ಅಲ್ವಾ?

ಆಮೇಲೆ ನಾವು ಸುಮ್ನೆ ಕೂರಲಿಲ್ಲ. ಗೆರೆಯಿಲ್ಲದ ಖಾಲಿ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಹಿಡಿದುಕೊಂಡು ಬೀದಿ ಸುತ್ತಿದೆವು. ತಿರುವಿನಲ್ಲಿ ಒಬ್ಬ ಹುಡುಗ, ಎಂಟು ವರ್ಷ ಇರಬಹುದು, "ಇಲ್ಲಿ ನಂಗೆ ರಸ್ತೆನೇ ಕಾಣಲ್ಲ" ಅಂದ. ನಾನು ಅವನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಬರೀ ನಿಂತ ಕಾರುಗಳ ಬಂಪರ್, ಟೈರು. ಇಷ್ಟು ವರ್ಷದಿಂದ ಅದೇ ತಿರುವಿನಲ್ಲಿ ಓಡಾಡುತ್ತಿದ್ದೇನೆ, ಒಂದು ದಿನವೂ ಹೊಳೆದಿರಲಿಲ್ಲ. ಮಂಡಿನೋವಿನ ಅಜ್ಜಿಯೊಬ್ಬರು ಬಸ್ ಸ್ಟಾಪಿಗೆ ಹೋಗುವಾಗ ತಾವು ನಿಂತು ಸುಧಾರಿಸಿಕೊಳ್ಳುವ ಕಡೆಯೆಲ್ಲ ಚುಕ್ಕೆ ಇಟ್ಟರು. ನಾಲ್ಕು ಚುಕ್ಕೆ. ಒಂದು ಕಡೆಯೂ ಕೂರಲು ಜಾಗವಿಲ್ಲ. ನಿಮ್ಮ ನಕ್ಷೆಯಲ್ಲಿ ಬೆಂಚುಗಳೇನೋ ಇದ್ದವು, ಪಾರ್ಕಿನೊಳಗೆ.

ಇದೇನು ಹೊಸ ವಿದ್ಯೆಯಲ್ಲ. 1970ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಟೋನಿ ಗಿಬ್ಸನ್ ಎಂಬುವರು ರಟ್ಟಿನಲ್ಲಿ ಇಡೀ ಬೀದಿಯ ಮಾದರಿ ಮಾಡಿಸುವ ಪದ್ಧತಿ ತಂದರು. ಎಲ್ಲಿ ಏನು ಬೇಕು ಅಂತ ಜನರೇ ಅದರ ಮೇಲೆ ಚೀಟಿ ಇಡುತ್ತಾರೆ. ಮೈಕ್ ಕಂಡರೆ ಹೆದರುವವರ ಮಾತೂ ಹೀಗೆ ಮೇಜಿಗೆ ಬರುತ್ತದೆ. ಅಲ್ಲಿ 2011ರ ಕಾಯ್ದೆಯ ಪ್ರಕಾರ ಒಂದು ಪ್ರದೇಶದ ಜನ ತಮ್ಮ ಯೋಜನೆ ತಾವೇ ಬರೆಯಬಹುದು. ಸ್ವತಂತ್ರ ಪರೀಕ್ಷಕರು ನೋಡಿದ ಮೇಲೆ ಅದು ಮತಕ್ಕೆ ಹೋಗುತ್ತದೆ. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಿದರೆ, ಮುಂದೆ ಕಟ್ಟಡಗಳಿಗೆ ಅನುಮತಿ ಕೊಡುವಾಗ ಅಧಿಕಾರಿಗಳು ತಕ್ಕ ಕಾರಣವಿಲ್ಲದೆ ಅದನ್ನು ಪಕ್ಕಕ್ಕಿಡುವಂತಿಲ್ಲ. ನನಗೆ ಹಿಡಿಸಿದ್ದು ಈ ಕೊನೆಯ ಮಾತು. ಬಲವಿಲ್ಲದ ಯೋಜನೆಯನ್ನು ಯಾರು ಬರೆದರೇನು?

ನಾವೇನು ಸಾಚಾಗಳಲ್ಲ. ಮರ ಬೇಕೋ ಪಾರ್ಕಿಂಗ್ ಬೇಕೋ ಅಂತ ಅರ್ಧ ದಿನ ಜಗಳವಾಡಿದ್ದೇವೆ. ಬಾಡಿಗೆ ಮನೆಯವರನ್ನು ಕರೆಯಲು ನಾವೂ ಮರೆತಿದ್ದೆವು. ಅದಕ್ಕೇ ಮತ್ತೆ ಸುತ್ತಬೇಕು.

ನಿಮ್ಮಿಂದ ಬೇಕಾಗಿರುವುದು ಇಷ್ಟೇ: ಚರಂಡಿ, ನೀರಿನ ಪೈಪು ಹೋಗಿರುವ ನಕ್ಷೆ, ಯಾವ ಜಾಗ ಯಾರದು ಅನ್ನುವ ದಾಖಲೆ, ಒಂದು ಸಂಜೆ ನಮ್ಮ ಜೊತೆ ಕೂರಲು ಒಬ್ಬ ಎಂಜಿನಿಯರ್. ನಮ್ಮ ಮಾತು ಬೇಡ ಅನ್ನಿಸಿದರೆ, ಯಾಕೆ ಅಂತ ಬರವಣಿಗೆಯಲ್ಲಿ ತಿಳಿಸಿ.

ಭಾನುವಾರ ಬೆಳಿಗ್ಗೆ ಏಳಕ್ಕೆ ಅದೇ ತಿರುವಿನಿಂದ ಹೊರಡುತ್ತೇವೆ. ಬನ್ನಿ. ಕುಕ್ಕರಗಾಲಲ್ಲಿ ಕೂರಲು ಆಗುವಂಥ ಬಟ್ಟೆ ಹಾಕಿಕೊಂಡು ಬಂದರೆ ಒಳ್ಳೆಯದು.

ಇಂತಿ,
ನಿಮ್ಮ ವಾರ್ಡಿನ ನಿವಾಸಿ