ಮಗಳಿಗೊಂದು ಪತ್ರ: ಬೀನ್ಸ್ ಲೆಕ್ಕ

ಪುಟ್ಟಿ,

ನಿನ್ ತಮ್ಮ ಫೋನಿಗೆ ಕನ್ನಡ ಕೀಬೋರ್ಡ್ ಹಾಕ್ಕೊಟ್ಟಿದಾನೆ, ಒತ್ತಕ್ಷರ ಎಲ್ಲೆಲ್ಲೋ ಹೋಗ್ಬಿಡುತ್ತೆ, ನೀನೇ ಸರಿ ಮಾಡ್ಕೊಂಡು ಓದ್ಕೋ. ಮಾತಾಡೋಣ ಅಂದ್ರೆ ನೀನು ಆಫೀಸಿಂದ ಪೀಜಿಗೆ ಬರೋಷ್ಟರಲ್ಲಿ ನಾನು ತೂಕಡಿಸ್ತಾ ಕೂತಿರ್ತೀನಿ, ನಾನು ಏಳೋ ನಾಲ್ಕು ಗಂಟೆಗೆ ನಿಂಗಿನ್ನೂ ಮೊದಲ ನಿದ್ದೆ. ಅದಕ್ಕೇ ಬರೀತಾ ಇದೀನಿ.

ಆಯುಧಪೂಜೆಗೆ ಅಂತ ಹಾಕಿದ್ ಬೂದುಗುಂಬಳ ಈ ಸಲ ಕೈ ಹಿಡೀತು. ಹಬ್ಬಕ್ಕೆ ನಾಲ್ಕು ದಿನ ಇದೆ ಅನ್ನೋವಾಗ ಹಸ್ತೆ ಮಳೆ ಶುರು ಆಯ್ತಲ್ಲ, ನೆಲಕ್ಕೆ ತಾಗಿರೋ ಕಡೆ ಕಾಯಿ ಕೊಳೆಯುತ್ತೆ ಅಂತ ನಾನೂ ನಿಮ್ಮಪ್ಪನೂ ಟಾರ್ಚ್ ಹಿಡ್ಕೊಂಡು ಒಂದೊಂದು ಕಾಯಿ ಅಡೀಗೂ ರಾಗಿ ಹುಲ್ಲು ತುರುಕಿದ್ವಿ, ಬೆಳಿಗ್ಗೆ ಹೊತ್ತಿಗೆ ಇಬ್ರ ಕೈನೂ ಬಿಳೀ ಬೂದಿ. ತೊಟ್ಟು ಬಿಟ್ಟು ಕೊಯ್ಯಬೇಕು, ತೊಟ್ಟಿಲ್ದೇ ಇರೋದನ್ನ ಪೂಜೆಗೆ ಯಾರೂ ತಗೊಳಲ್ಲ. ಈಗ ಎಲ್ರಿಗೂ ಸ್ಕೂಟರಿಗೆ ನಿವಾಳಿಸೋಕೆ ಪುಟ್ಟ ಕಾಯೇ ಬೇಕಂತೆ, ದೊಡ್ಡವು ಲಾರಿಯವರಿಗೆ ಮಾತ್ರ. ನಾಲ್ಕು ತಿಂಗಳು ಸಾಕಿದ್ದನ್ನ ರಸ್ತೆ ಮೇಲೆ ಒಡೆದು ಹೋಗ್ತಾರಲ್ಲ ಅಂತ ನಂಗೆ ಪ್ರತಿ ವರ್ಷ ಹೊಟ್ಟೆ ಉರಿಯುತ್ತೆ, ದುಡ್ಡು ಎಣಿಸೋವಾಗ ಮರ್ತು ಹೋಗುತ್ತೆ ಬಿಡು. ನಿಮ್ಮಜ್ಜಿ ಇನ್ನೂ ಅದೇ, ಕುಂಬಳಕಾಯಿ ಹೆಂಗಸ್ರು ಒಡೀಬಾರ್ದು ಅಂತ. ಬೀಜ ಊರೋಕೆ, ಕಳೆ ಕೀಳೋಕೆ, ತಲೆ ಮೇಲೆ ಹೊತ್ಕೊಂಡು ಬರೋಕೆ ಮಾತ್ರ ಹೆಂಗಸ್ರು ಆಗ್ಬಹುದು! ಉಳಿದಿರೋ ಏಳು ಕಾಯಿ ಅಟ್ಟದ ಮೇಲಿವೆ, ಸಂಡಿಗೆ ಹಾಕಣ ಅಂದ್ರೆ ಬಿಸಿಲೇ ಇಲ್ಲ.

ಟೊಮೇಟೊ ಬಗ್ಗೆ ಕೇಳ್ಬೇಡ. ಮಳೆಗೆ ಅಂಗಮಾರಿ ರೋಗ ಬಂದು ಎಲೆ ಎಲ್ಲಾ ಸುಟ್ಟಂಗಾಗಿದೆ, ದೋರಗಾಯಿ ಇದ್ದಷ್ಟು ಕಿತ್ತು ಕಳಿಸಿದ್ವಿ. ನಿಮ್ಮಪ್ಪಂಗೆ ಇನ್ನೂ 2023ರ ಜುಲೈದೇ ಕನಸು, ಕೋಲಾರದ ಮಾರ್ಕೆಟಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತಲ್ಲ, ಆ ತಿಂಗಳು ನಮ್ಮ ತೋಟದಲ್ಲಿ ಸಾರಿಗೆ ಹಾಕೋಕೂ ಒಂದು ಗಿಡ ಇರ್ಲಿಲ್ಲ, ನಾವೇ ಅಂಗಡೀಲಿ ಕಾಲು ಕೆಜಿ ತಂದಿದ್ವಿ. ಇವತ್ತಿಗೂ ಯಾರಾದ್ರೂ ಅದನ್ನೆತ್ತಿದ್ರೆ ಎದ್ದು ಹೊರಗೆ ಹೋಗ್ಬಿಡ್ತಾರೆ.

ಈಗ ನಿನ್ ವಿಷ್ಯಕ್ಕೆ ಬರ್ತೀನಿ. ಹೋದ ತಿಂಗಳು ನೀನು ಐದು ಸಾವಿರ ಫೋನ್‌ಪೇ ಮಾಡಿ, "ನೀವು ನನ್ನ ಓದಿಸಿದ್ ಸಾಲ ಅಮ್ಮ, ನಿಧಾನಕ್ಕೆ ತೀರಿಸ್ತೀನಿ" ಅಂತ ಮೆಸೇಜ್ ಹಾಕಿದ್ಯಲ್ಲ. ನಿಮ್ಮಪ್ಪ ಅದನ್ನ ಊರಿಗೆಲ್ಲಾ ತೋರಿಸ್ಕೊಂಡು ಬಂದ್ರು. ನಂಗೆ ಮಾತ್ರ ಯಾಕೋ ಸರಿ ಹೋಗ್ಲಿಲ್ಲ, ಯಾಕೆ ಅಂತ ಆಗ ಗೊತ್ತಾಗ್ಲಿಲ್ಲ.

ನೀನೇ ತಾನೆ ಹೇಳಿದ್ದು, ಅಮ್ಮ ಒಂದು ಬೆಳೆಗಾದ್ರೂ ಪೂರ್ತಿ ಲೆಕ್ಕ ಬರೀರಿ ಅಂತ. ಬರೆದೆ ನೋಡು, ನಿನ್ ತಮ್ಮನ ಹಳೇ ನೋಟ್ಸ್ ಹಿಂದಿನ ಹಾಳೆಗಳಲ್ಲಿ. ಹತ್ತು ಗುಂಟೆ ಬೀನ್ಸ್, ಆರು ಸಲ ಬಿಡಿಸಿದ್ವಿ, ಒಟ್ಟು 820 ಕೆಜಿ. ಒಂದು ದಿನ ನಲವತ್ತು ರೂಪಾಯಿ ಸಿಕ್ತು, ಒಂದು ದಿನ ಹದಿನಾರು, ಎಲ್ಲಾ ಸೇರಿ ಕೆಜಿಗೆ 28ರಂಗೆ ಬಿತ್ತು, 22,960 ರೂಪಾಯಿ. ಬೀಜ ಗೊಬ್ಬರ ಔಷಧಿ ದಾರ ಎಲ್ಲಾ 7,400, ಮೂರು ಜನ ಹೆಣ್ಣಾಳಿಗೆ ದಿನಕ್ಕೆ ನಾನೂರರಂಗೆ ಆರು ದಿನಕ್ಕೆ 7,200, ಟೆಂಪೋ 1,800, ಮಂಡಿಯವರು ಹಿಡ್ಕೊಂಡಿದ್ದು ಹಮಾಲಿ ಸೇರಿ 2,500. ಉಳಿದಿದ್ದು 4,060. ಪರವಾಗಿಲ್ಲ ಅಂತ ನಾನು ಬುಕ್ ಮುಚ್ಚೋಕೆ ಹೋದ್ರೆ ನಿನ್ ತಮ್ಮ ಇಣುಕಿ ನೋಡಿ, "ನಿಂದೂ ಅಪ್ಪಂದೂ ಕೂಲಿ ಎಲ್ಲಮ್ಮ?" ಅಂದ. ಬಿಡಿಸಿದ ಆರು ದಿನದ್ದೇ ಹಿಡಿದ್ರೂ ಇಬ್ರದು 4,800 ಆಗುತ್ತಂತೆ. ಏಳ್ನೂರ ನಲವತ್ತು ಕೈಯಿಂದ ಹೋಯ್ತು. ಔಷಧಿ ಹೊಡೆದಿದ್ದು, ಕಡ್ಡಿ ನೆಟ್ಟಿದ್ದು, ರಾತ್ರಿ ಕರೆಂಟ್ ಬಂದಾಗ ಎದ್ದು ಮೋಟರ್ ಹಾಕಿದ್ದು ಇದ್ರಲ್ಲಿ ಸೇರೇ ಇಲ್ಲ.

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ಪುಟ್ಟಿ. ನಷ್ಟ ಹೊಸದಲ್ಲ, ಅದಕ್ಕಲ್ಲ. ನೀನು ಹೈಸ್ಕೂಲಲ್ಲಿ ಇದ್ದಾಗ ಇದೇ ಹತ್ತು ಗುಂಟೆ ಬೀನ್ಸಲ್ಲಿ ನಮ್ಗೆ ದುಡ್ಡು ಉಳೀತಿತ್ತು, ಆಗ ಹೆಂಗೆ ಉಳೀತಿತ್ತು ಅಂತ ಯೋಚ್ನೆ ಬಂತು. ಆಗ ಆಳು ಎಲ್ಲಿದ್ರು? ನಾನು, ಅಜ್ಜಿ, ನೀನು. ಐದೂವರೆಗೆ ಎಬ್ಬಿಸ್ತಿದ್ದೆ, ಇಬ್ಬನೀಲಿ ನಿನ್ ಲಂಗ ಮೊಣಕಾಲ ತನಕ ನೆನೆದಿರ್ತಿತ್ತು, ಎಂಟು ಗಂಟೆ ತನಕ ಬಿಡಿಸಿ ಓಡಿ ಹೋಗಿ ಬಸ್ ಹಿಡೀತಿದ್ದೆ. ಬೀನ್ಸ್ ಎಲೆ ಬಟ್ಟೆಗೆ ಅಂಟ್ಕೊಳುತ್ತಲ್ಲ, ಅದನ್ನ ಯೂನಿಫಾರಂ ಮೇಲೆ ಬ್ಯಾಡ್ಜ್ ತರ ಅಂಟಿಸ್ಕೊಂಡು "ನಾನು ಲೀಡ್ರು" ಅಂತಿದ್ದೆ, ನೆನಪಿದ್ಯಾ. ಟೊಮೇಟೊ ಕಿತ್ತ ದಿನ ಕೈಯೆಲ್ಲಾ ಹಸಿರು ಕಪ್ಪು ಜಿಡ್ಡು, ಸೋಪಿಗೂ ಹೋಗ್ತಿರ್ಲಿಲ್ಲ, ಕಾಯಿ ಟೊಮೇಟೊ ಹಿಂಡಿ ಉಜ್ಜಿ ಕಳಿಸ್ತಿದ್ದೆ. ಒಂದ್ಸಲ ಸ್ಕೂಲಲ್ಲಿ ಕೈ ತೊಳೆಯದೇ ಬಂದಿದೀಯ ಅಂತ ನಿನ್ನ ಹೊರಗೆ ನಿಲ್ಸಿದ್ರಂತೆ. ಅದನ್ನ ನೀನು ಹೇಳಿದ್ದು ಡಿಗ್ರಿ ಮುಗಿದ್ ಮೇಲೆ.

ಅಂದ್ರೆ ಲಾಭ ಅಂತ ನಾವು ಅಂದ್ಕೊಂಡಿದ್ದು ನಿನ್ ಕೂಲಿನೇ ಅಲ್ವಾ. ಅದೇ ದುಡ್ಡಲ್ಲಿ ನಿನ್ ಫೀಸು ಕಟ್ಟಿ, ಓದಿಸಿದ್ವಿ ಓದಿಸಿದ್ವಿ ಅಂತ ಊರಲ್ಲಿ ಹೇಳ್ಕೊಂಡು ತಿರುಗಿದ್ವಿ. ಸಾಲ ಅಂತ ಮಾತ್ರ ಇನ್ನೊಂದ್ಸಲ ಬರೀಬೇಡ ಕಣಮ್ಮ. ದುಡ್ಡು ಕಳಿಸೋದಾದ್ರೆ ಕಳ್ಸು, ಬೇಡ ಅನ್ನಲ್ಲ, ಡ್ರಿಪ್ ಪೈಪ್ ಇಲಿ ಕಡಿದು ಹಾಕಿದೆ. ನಿಮ್ಮಪ್ಪಂಗೆ ಇದನ್ನೆಲ್ಲಾ ಹೇಳಿದ್ದಕ್ಕೆ ಸುಮ್ನೆ ಬೀಡಿ ಹಚ್ಕೊಂಡು ಕೂತ್ರು, ಆಮೇಲೆ "ಆ ಬುಕ್ ತಂದು ಕೊಟ್ಟಿದ್ದು ಯಾರು" ಅಂದ್ರು.

ಹಂಗಂತ ತೋಟ ಬಿಟ್ಬಿಡಿ ಅಂತ ನೀನು ಶುರು ಮಾಡ್ಬೇಡ. ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದ್ ಮೇಲೆ ಬತ್ತಿಹೋಗಿದ್ದ ಬೋರಲ್ಲಿ ನೀರಿದೆ, ನೀವೆಲ್ಲಾ ಬೆಂಗಳೂರಲ್ಲಿ ಸ್ನಾನ ಮಾಡಿ ಬಿಟ್ಟಿದ್ದೇ ಶುದ್ಧ ಆಗಿ 2018ರಿಂದ ನಮ್ ಕೋಲಾರಕ್ಕೆ ಬರ್ತಾ ಇದೆ, ಅಜ್ಜಿ ಅದನ್ನ ಕೇಳಿದಾಗಿಂದ ಕೆರೆ ನೀರಲ್ಲಿ ಕಾಲೂ ತೊಳೆಯಲ್ಲ. ರಾಗಿ ತೆನೆ ಕಟ್ಟಿದೆ, ರಾಗಿ ಮಧ್ಯದ ಅಕ್ಕಡಿ ಸಾಲಲ್ಲಿ ಅವರೆ ಹೂವಾಗಿದೆ. ಚಿತ್ತೆ ಮಳೆ ಜೋರಾಗಿ ಹೊಡೆದು ಹೂವು ಉದುರಿಸದೇ ಇದ್ರೆ ಸಾಕು.

ದೀಪಾವಳಿಗೆ ರಜ ಸಿಗಲ್ಲ ಅಂದ್ಯಲ್ಲ, ಪರವಾಗಿಲ್ಲ, ಅವರೆಗೆ ಬಾ. ಚಳಿ ಬಿದ್ದು ಸೊಗಡು ಬಂದ್ ಮೇಲೆ ಫೋನ್ ಮಾಡ್ತೀನಿ. ಶನಿವಾರ ಬಿಡಿಸಿದ್ರೆ ಭಾನುವಾರ ಹಿತ್ಕಿದ ಬೇಳೆ ಸಾರು, ಮುದ್ದೆ. ಬಿಡಿಸೋಕೆ ಬರಲ್ಲ ಸುಮ್ನೆ ತಿನ್ನೋಕೆ ಬರ್ತೀನಿ ಅಂದ್ರೂ ಸರಿ. ಬಿಡಿಸಿದ್ರೆ ನಾನೂರು ರೂಪಾಯಿ ಬುಕ್ಕಲ್ಲಿ ನಿನ್ ಹೆಸರಿಗೆ ಬರೀತೀನಿ.

ಬರೋವಾಗ ಹೋದ್ಸಲ ಉಪ್ಪಿನಕಾಯಿ ತುಂಬಿ ಕೊಟ್ಟಿದ್ ಸ್ಟೀಲ್ ಡಬ್ಬಿ ತಗೊಂಡು ಬಾ, ಅದು ಅಜ್ಜಿದು, ದಿನಾ ಕೇಳ್ತಿದಾರೆ.

ಅಮ್ಮ