ಗೆಳೆಯನಿಗೊಂದು ಪತ್ರ: ತೆರೆಯ ಮೇಲಿನ ಪ್ರಾಚೀನರು

ಪ್ರೀತಿಯ ಗೆಳೆಯ,

ಪ್ರಾಚೀನ ಇತಿಹಾಸದ ಸಿನಿಮಾಗಳಲ್ಲಿ ತಪ್ಪು ಹುಡುಕುವುದು ರಸಿಕರ ಲಕ್ಷಣವಲ್ಲ, ಪರೀಕ್ಷಕರ ಚಾಳಿ ಎಂದು ನೀನು ಬರೆದಿರುವೆ. ಅರ್ಧದಷ್ಟು ಒಪ್ಪುತ್ತೇನೆ. ರೋಮನ್ ಸವಾರರಿಗೆ ರಿಕಾಪು ಇರಲಿಲ್ಲ. ತೆರೆಯ ಮೇಲೆ ಮಾತ್ರ ಅವರು ಅದರಲ್ಲಿ ಕಾಲೂರಿಯೇ ಕುದುರೆ ಓಡಿಸುತ್ತಾರೆ. ನಟರು ಬಿದ್ದು ಕೈಕಾಲು ಮುರಿದುಕೊಳ್ಳದಿರಲಿ ಎಂಬ ಕಾಳಜಿಯ ಮುಂದೆ ಇದು ದೊಡ್ಡ ಅಪರಾಧವೇನಲ್ಲ.

ನನ್ನ ತಕರಾರು ಬೇರೆ. ರಂಜನೆಗಾಗಿ ಇತಿಹಾಸವನ್ನು ಬದಲಿಸಿದೆವು ಎನ್ನುವವರು ಹಲವು ಸಲ ಹೆಚ್ಚು ರಂಜಕವಾದದ್ದನ್ನೇ ಕೈಬಿಟ್ಟಿರುತ್ತಾರೆ. 2000ದಲ್ಲಿ ತೆರೆಕಂಡ ‘ಗ್ಲ್ಯಾಡಿಯೇಟರ್’ ಚಿತ್ರದಲ್ಲಿ ಚಕ್ರವರ್ತಿ ಕೊಮೊಡಸ್ ಅಖಾಡದಲ್ಲಿ ನಾಯಕನ ಕೈಯಿಂದ ಸಾಯುತ್ತಾನೆ. ನಿಜದಲ್ಲಿ ಕ್ರಿ.ಶ. 192ರ ಕೊನೆಯ ದಿನ ಆಪ್ತರೇ ಅವನಿಗೆ ವಿಷವಿಕ್ಕಿದರು. ಅದು ಸಾಲದೆ ಹೋದಾಗ ನಾರ್ಸಿಸಸ್ ಎಂಬ ಮಲ್ಲನಿಂದ ಕತ್ತು ಹಿಸುಕಿಸಿದರು. ಅವನ ಆಳ್ವಿಕೆಯನ್ನು ಕಣ್ಣಾರೆ ಕಂಡ ಸೆನೆಟರ್ ಕ್ಯಾಸಿಯಸ್ ಡಿಯೋ ಬರೆದಿಟ್ಟ ಇನ್ನೊಂದು ಪ್ರಸಂಗವಿದೆ: ಅಖಾಡದಲ್ಲಿ ಉಷ್ಟ್ರಪಕ್ಷಿಯೊಂದರ ತಲೆ ಕತ್ತರಿಸಿದ ಕೊಮೊಡಸ್, ಒಂದು ಕೈಯಲ್ಲಿ ಆ ತಲೆಯನ್ನೂ ಇನ್ನೊಂದರಲ್ಲಿ ರಕ್ತಸಿಕ್ತ ಖಡ್ಗವನ್ನೂ ಹಿಡಿದು ಸೆನೆಟರುಗಳತ್ತ ಬಂದು, ಮಾತಿಲ್ಲದೆ ಹಲ್ಲುಕಿರಿಯುತ್ತ ತಲೆಯಾಡಿಸಿದನಂತೆ. ಸೆನೆಟರುಗಳಿಗೆ ಬಂದದ್ದು ನಗು. ನಕ್ಕರೆ ಪ್ರಾಣ ಹೋಗುತ್ತದೆಂದು ಡಿಯೋ ತನ್ನ ಮುಡಿಯ ಮಾಲೆಯ ಎಲೆಗಳನ್ನು ಕಿತ್ತು ಅಗಿಯತೊಡಗಿದ, ಪಕ್ಕದವರಿಗೂ ಹಾಗೆಯೇ ಮಾಡಲು ಹೇಳಿದ. ಭಯ ಮತ್ತು ಹಾಸ್ಯ ಹೀಗೆ ಒಂದೇ ಬಾಯಲ್ಲಿ ಸೇರಿದ ದೃಶ್ಯವನ್ನು ಯಾವ ಚಿತ್ರಕಥೆಗಾರ ಹೊಸೆದಾನು?

ಅಶೋಕನ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. 2001ರ ಹಿಂದಿ ಚಿತ್ರದಲ್ಲಿ ಕಾರುವಾಕಿ ಕಳಿಂಗದ ರಾಜಕುಮಾರಿ. ಅಲಹಾಬಾದ್ ಸ್ತಂಭದ ಶಾಸನಕ್ಕೆ ಗೊತ್ತಿರುವುದು ದಾನ ಮಾಡಿದ ಎರಡನೆಯ ರಾಣಿ, ತೀವರನ ತಾಯಿ ಎಂಬಷ್ಟೇ. ಅದು ಹೋಗಲಿ, ಕಥೆಗೊಂದು ಪ್ರೇಮ ಬೇಕಿತ್ತು. ಆದರೆ ಯುದ್ಧಭೂಮಿಯ ಹೆಣಗಳ ನಡುವೆ ಕಣ್ಣೀರಿಟ್ಟು ಬದಲಾಗುವ ಅರಸನ ಚಿತ್ರ ನಮ್ಮೆಲ್ಲರ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅವನೇ ಕೆತ್ತಿಸಿದ ಮಾತುಗಳನ್ನು ಪೂರ್ತಿ ಓದುವ ಕುತೂಹಲವೇ ಉಳಿದಿಲ್ಲ. ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು ಎಂದು ಪಶ್ಚಾತ್ತಾಪಪಡುವ ಹದಿಮೂರನೆಯ ಬಂಡೆಶಾಸನದಲ್ಲೇ ಕಾಡಿನ ಜನರಿಗೊಂದು ಎಚ್ಚರಿಕೆಯೂ ಇದೆ: ಮರುಗುತ್ತಿದ್ದರೂ ದಂಡಿಸುವ ಶಕ್ತಿ ಅರಸನಿಗಿದೆ. ಇದಕ್ಕಿಂತ ಸೋಜಿಗದ್ದೆಂದರೆ, ಕಳಿಂಗದ ನೆಲದಲ್ಲೇ ಇರುವ ಧೌಳಿ ಮತ್ತು ಜೌಗಡಗಳ ಬಂಡೆಗಳ ಮೇಲೆ ಆ ಶಾಸನವಿಲ್ಲ. ಅಲ್ಲಿರುವುದು ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದು ಅಧಿಕಾರಿಗಳಿಗೆ ಹೇಳುವ ಬೇರೆ ಶಾಸನಗಳು. ದೂರದ ವಾಯವ್ಯ ಗಡಿಯ ಪ್ರಜೆಗಳ ಮುಂದೆ ತೋಡಿಕೊಂಡ ದುಃಖವನ್ನು ನೊಂದವರ ಮುಂದೆ ಹೇಳದ ಈ ಅರಸ, ಅಳುವ ಅರಸನಿಗಿಂತ ಎಷ್ಟು ಆಳದ ಪಾತ್ರ! ಅವನು ಹಾಗೇಕೆ ಮಾಡಿದನೆಂದು ಊಹಿಸಲು ಕಲಾವಿದನಿಗೆ ಪೂರ್ಣ ಸ್ವಾತಂತ್ರ್ಯವಿದೆ. ಆ ಸ್ವಾತಂತ್ರ್ಯವನ್ನು ಬಳಸಿಕೊಂಡವರನ್ನು ನಾನಂತೂ ಕಾಣೆ.

ಕಲ್ಪನೆ ಬೇಡವೆಂದು ನಾನು ಹೇಳುತ್ತಿಲ್ಲ. ಗಾಲ್ (ಇಂದಿನ ಫ್ರಾನ್ಸ್ ಸುತ್ತಲಿನ ನಾಡು) ಯುದ್ಧದ ಕಥನದಲ್ಲಿ ಸೀಸರ್ ಪುಲ್ಲೋ ಮತ್ತು ವೊರೆನಸ್ ಎಂಬ ಇಬ್ಬರು ಸೇನಾನಿಗಳ ಪೈಪೋಟಿಯನ್ನೂ, ಅವರು ಒಬ್ಬರನ್ನೊಬ್ಬರು ಉಳಿಸಿದ್ದನ್ನೂ ಚುಟುಕಾಗಿ ಹೇಳಿ ಮುಂದೆ ಹೋಗುತ್ತಾನೆ. 2005ರಲ್ಲಿ ಆರಂಭವಾದ ‘ರೋಮ್’ ಧಾರಾವಾಹಿ ಆ ಹೆಸರುಗಳಿಗೆ ಇಡೀ ಬದುಕನ್ನೇ ಕಟ್ಟಿಕೊಟ್ಟಿತು. ದಾಖಲೆ ಮೌನವಾಗಿರುವ ಕಡೆ ಹೀಗೆ ಮಾತಾಡುವುದು ನನಗೆ ಬಹಳ ಇಷ್ಟ. ಅದೇ ಧಾರಾವಾಹಿ ಮುಂದೆ ಚಕ್ರವರ್ತಿ ಅಗಸ್ಟಸ್ ಆದ ಆಕ್ಟೇವಿಯನ್ನನ ತಾಯಿ ಆಟಿಯಾಳನ್ನು ಕಾಮುಕ ಕುತಂತ್ರಿಯನ್ನಾಗಿಸಿದೆ; ಮಕ್ಕಳನ್ನು ಶಿಸ್ತಿನಿಂದ ಬೆಳೆಸಿದ ಮಾದರಿ ತಾಯಂದಿರ ಸಾಲಿನಲ್ಲಿ ಆಕೆಯನ್ನು ಹೆಸರಿಸಿದವನು ರೋಮನ್ ಇತಿಹಾಸಕಾರ ಟ್ಯಾಸಿಟಸ್. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ, ಆ ದೃಶ್ಯಗಳನ್ನು ನಾನೂ ಬಿಟ್ಟಕಣ್ಣು ಮುಚ್ಚದೆ ನೋಡಿದ್ದೇನೆಂಬುದು ಬೇರೆ ಮಾತು.

ನಿನ್ನ ಉತ್ತರದ ನಿರೀಕ್ಷೆಯಲ್ಲಿ,
ನಿನ್ನ ಗೆಳೆಯ