ಪ್ರವಾಸೋದ್ಯಮ ಓದುವವರಿಗೆ ಬಾಯಿ ಬಿಡಲು ಸಮಯ ಕೊಡಿ

ಮಾನ್ಯ ಸಂಪಾದಕರೇ,

ಪ್ರವಾಸೋದ್ಯಮ ಓದುವ ಮಕ್ಕಳಿಗೆ ನಾವು ಮಾತಿನ ಪರೀಕ್ಷೆಯನ್ನೂ ಬರವಣಿಗೆಯಲ್ಲೇ ಮಾಡುತ್ತೇವೆ. 'ಅತಿಥಿ ದೂರು ಹೇಳಿದಾಗ ಹೇಗೆ ಮಾತನಾಡಬೇಕು, ವಿವರಿಸಿ' ಅಂತ 10 ಅಂಕದ ಪ್ರಶ್ನೆ ಬರುತ್ತದೆ. ಹುಡುಗ ಎರಡು ಪುಟ ಬರೆಯುತ್ತಾನೆ, ಒಳ್ಳೆ ಅಂಕವೂ ಸಿಗುತ್ತದೆ. ಅದೇ ಹುಡುಗನ ಎದುರು ಯಾರಾದರೂ ನಿಜವಾಗಿ ಸಿಟ್ಟಿನಿಂದ ಬಂದು ನಿಂತರೆ 'ಸಾರಿ ಸರ್' ಬಿಟ್ಟು ಬೇರೇನೂ ಹೊರಡುವುದಿಲ್ಲ. ಅವನನ್ನು ಬೈದು ಏನು ಪ್ರಯೋಜನ? ಇಷ್ಟು ವರ್ಷ ಓದಿದನಲ್ಲ, ಅದರಲ್ಲಿ ಅವನಿಗೆ ಬಾಯಿ ಬಿಡಲು ಸಿಕ್ಕ ಸಮಯ ಎಷ್ಟು ಅಂತ ಯಾರಾದರೂ ಲೆಕ್ಕ ಹಾಕಿದ್ದಾರಾ?

ಲೆಕ್ಕ ಕಷ್ಟದ್ದೇನಲ್ಲ. 60 ಜನರ ತರಗತಿ, 50 ನಿಮಿಷದ ಪೀರಿಯಡ್ ಅಂತ ಇಟ್ಟುಕೊಳ್ಳಿ. ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದರೆ, ತಾವು ಒಂದೇ ಒಂದು ಮಾತೂ ಆಡದೆ ಸುಮ್ನೆ ಕೂತರೂ, ತಲೆಗೆ ಒಂದು ನಿಮಿಷ ಪೂರ್ತಿ ಬರುವುದಿಲ್ಲ. ಅದೇ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ ಅರ್ಧ ಗಂಟೆ ಬಿಟ್ಟುಬಿಟ್ಟರೆ ಪ್ರತಿಯೊಬ್ಬರಿಗೂ 15 ನಿಮಿಷ ಸಿಗುತ್ತದೆ. ಗದ್ದಲ ಆಗುತ್ತದೆ, ಪಕ್ಕದ ತರಗತಿಯವರು ಬಂದು ಬಾಗಿಲು ಬಡಿಯುತ್ತಾರೆ. ಬಡಿಯಲಿ. ಗದ್ದಲವೇ ಇಲ್ಲದ ಭಾಷಾ ತರಗತಿಯಲ್ಲಿ ಮಕ್ಕಳು ಮಾತು ಕಲಿಯುತ್ತಿದ್ದಾರೆ ಅಂದರೆ ನಾನು ನಂಬುವುದಿಲ್ಲ.

ನಾನು ಪ್ರವಾಸೋದ್ಯಮದ ಕೆಲಸದಲ್ಲೇ ಇರುವವಳು. ಹೊಸಬರನ್ನು ಆರಿಸುವಾಗ ಇಂಟರ್‌ವ್ಯೂ ಮಾಡಲು ಕೂರುವವರಲ್ಲಿ ನಾನೂ ಒಬ್ಬಳು. ಬರುವ ಮಕ್ಕಳಿಗೆ ವಿಷಯ ಗೊತ್ತಿರುತ್ತದೆ. ವೀಸಾ ಅಂದರೇನು, ಟೂರ್ ಪ್ಯಾಕೇಜಿನ ಖರ್ಚು ಹೇಗೆ ಹಾಕುವುದು, ಎಲ್ಲ ಹೇಳುತ್ತಾರೆ. ಆದರೆ ಹೇಳುವುದೆಲ್ಲ ಪುಸ್ತಕದ ಉತ್ತರದ ಹಾಗೆ, ಒಂದೇ ಉಸಿರಿಗೆ, ಎದುರಿಗೆ ಇರುವವರ ಮುಖವನ್ನೂ ನೋಡದೆ. ನಡುವೆ ನಾವೊಂದು ಸಣ್ಣ ಪ್ರಶ್ನೆ ಕೇಳಿದರೆ ಸಾಕು, ಎಲ್ಲಿ ನಿಲ್ಲಿಸಿದೆ ಅನ್ನುವುದೇ ಮರೆತುಹೋಗುತ್ತದೆ.

ಕಾಲೇಜುಗಳು ಗಮನಿಸಲೇಬೇಕಾದ ಒಂದು ಬದಲಾವಣೆ ಇದೆ. ಸುಲಭದ ಮಾತುಗಳೆಲ್ಲ ಈಗ ಯಂತ್ರಗಳ ಪಾಲಾಗಿವೆ. ಟಿಕೆಟ್ ಮೊಬೈಲಿನಲ್ಲಿ ಬುಕ್ ಆಗುತ್ತದೆ, ಬೋರ್ಡಿಂಗ್ ಪಾಸ್ ಅದರಲ್ಲೇ ಬರುತ್ತದೆ, ಎಷ್ಟೋ ಹೋಟೆಲುಗಳಲ್ಲಿ ಚೆಕ್-ಇನ್ ಕೂಡ ಒಂದು ಪರದೆಯ ಮೇಲೆ ಮುಗಿದುಹೋಗುತ್ತದೆ. ಹಾಗಾದರೆ ಕೌಂಟರಿನ ಹತ್ತಿರ ಮನುಷ್ಯರನ್ನು ಹುಡುಕಿಕೊಂಡು ಬರುವವರು ಯಾರು? ವಿಮಾನ ತಪ್ಪಿದವರು, ಬುಕಿಂಗ್ ಸಿಗದವರು, ಪಾಸ್‌ಪೋರ್ಟ್ ಕಳೆದುಕೊಂಡವರು, ಮಗುವಿಗೆ ಜ್ವರ ಬಂದು ರಾತ್ರಿ 2 ಗಂಟೆಗೆ ಡಾಕ್ಟರ್ ಬೇಕಾದವರು. ಅಂದರೆ ಕಷ್ಟದ ಮಾತು ಮಾತ್ರ ನಮ್ಮ ಮಕ್ಕಳಿಗೆ ಉಳಿದಿದೆ. ಪಾಠದ ಸಂಭಾಷಣೆಗಳು ಮಾತ್ರ ಇನ್ನೂ 'ಸುಸ್ವಾಗತ, ತಮ್ಮ ಹೆಸರೇನು' ಎಂಬಲ್ಲೇ ನಿಂತಿವೆ.

ಕೆಲಸ ಇಲ್ಲ ಅಂತಲ್ಲ. 2019ರಲ್ಲಿ ಜಗತ್ತಿನಲ್ಲಿ ದೇಶ ದಾಟಿ ಪ್ರವಾಸ ಹೋದವರ ಲೆಕ್ಕ ಸುಮಾರು 146 ಕೋಟಿ. ಕೋವಿಡ್ ಬಂದ 2020ರಲ್ಲಿ ಅದು ಶೇಕಡಾ 70ಕ್ಕಿಂತ ಜಾಸ್ತಿ ಕುಸಿಯಿತು. 2024ರ ಹೊತ್ತಿಗೆ ಮತ್ತೆ 140 ಕೋಟಿಯ ಹತ್ತಿರ ಬಂದು ನಿಂತಿದೆ. ಜನ ತಿರುಗಾಡುತ್ತಿದ್ದಾರೆ, ಅವರನ್ನು ನೋಡಿಕೊಳ್ಳುವವರು ಬೇಕೇ ಬೇಕು.

ಎಷ್ಟು ಮಾತು ಬಂದರೆ ಸಾಕು ಅಂತ ಮಕ್ಕಳು ಕೇಳುತ್ತಾರೆ. ಇದಕ್ಕೊಂದು ಅಳತೆ ಇದೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಹೊರತಂದ ಚೌಕಟ್ಟಿನಲ್ಲಿ ಭಾಷಾ ಜ್ಞಾನಕ್ಕೆ ಎ1ರಿಂದ ಸಿ2ವರೆಗೆ ಆರು ಮೆಟ್ಟಿಲುಗಳಿವೆ. ಅದರಲ್ಲಿ ಬಿ1 ಅಂದರೆ, ಆ ಭಾಷೆಯ ಊರಿನಲ್ಲಿ ಪ್ರವಾಸ ಮಾಡುವಾಗ ಬರುವ ಹೆಚ್ಚಿನ ಸಂದರ್ಭಗಳನ್ನು ನಿಭಾಯಿಸಬಲ್ಲವರು. ಗಮನಿಸಿ, ಇದು ಪ್ರವಾಸಿಗೆ ಸಾಕಾಗುವ ಮಟ್ಟ. ಪ್ರವಾಸಿಯನ್ನು ನೋಡಿಕೊಳ್ಳುವವರಿಗೆ ಇಷ್ಟು ಸಾಲದು, ಯಾಕೆಂದರೆ ಕೇಳುವವನು ನಾಲ್ಕು ಪದದಲ್ಲಿ ಕೇಳಿ ಸುಮ್ಮನಾಗಬಹುದು, ಉತ್ತರಿಸುವವರು ಕಾರಣ ಹೇಳಬೇಕು, ಬೇರೆ ದಾರಿ ತೋರಿಸಬೇಕು, ಸಮಾಧಾನವನ್ನೂ ಮಾಡಬೇಕು. ಎರಡೂ ಕಡೆಯವರಿಗೆ ಆಯಾಸವಾಗದಂತೆ ಸಲೀಸಾಗಿ ಮಾತಾಡುವುದು ಬಿ2. ಕೌಂಟರಿನಲ್ಲಿ ಕೆಲಸ ಬೇಕು ಅನ್ನುವವರು ಕಣ್ಣಿಡಬೇಕಾದದ್ದು ಅಲ್ಲಿಗೆ. ಅದೇ ಚೌಕಟ್ಟು ಒಬ್ಬರೇ ನಿಂತು ಮಾತಾಡುವುದನ್ನೂ ಇನ್ನೊಬ್ಬರ ಜೊತೆ ಮಾತಾಡುವುದನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ನಮ್ಮ ಸೆಮಿನಾರುಗಳಲ್ಲಿ ಅಭ್ಯಾಸವಾಗುವುದು ಮೊದಲನೆಯದು ಮಾತ್ರ.

ಜೊತೆ ಮಾತಾಡುವ ಅಭ್ಯಾಸ ಹೇಗೆ ಮಾಡಿಸುವುದು ಅಂದರೆ, ಎರಡು ಚೀಟಿ ಸಾಕು. ಒಬ್ಬಳ ಚೀಟಿಯಲ್ಲಿ 'ಎರಡು ಹಾಸಿಗೆಯ ಕೋಣೆ ಕೇಳಿದ್ದೆ, ಒಂದೇ ಹಾಸಿಗೆಯದ್ದು ಕೊಟ್ಟಿದ್ದಾರೆ, ಜೊತೆಗೆ ವಯಸ್ಸಾದ ಅಮ್ಮ ಇದ್ದಾರೆ, ಹತ್ತು ಗಂಟೆ ಪ್ರಯಾಣ ಮಾಡಿ ಬಂದಿದ್ದೇನೆ' ಅಂತ ಇರುತ್ತದೆ. ಇನ್ನೊಬ್ಬಳ ಚೀಟಿಯಲ್ಲಿ 'ಹೋಟೆಲ್ ತುಂಬಿದೆ, ಹೆಚ್ಚುವರಿ ಹಾಸಿಗೆ ಒಂದಿದೆ, ನಾಳೆ 11 ಗಂಟೆಗೆ ಬೇರೆ ಕೋಣೆ ಖಾಲಿಯಾಗುತ್ತದೆ' ಅಂತ. ಒಬ್ಬರ ಚೀಟಿ ಇನ್ನೊಬ್ಬರು ನೋಡುವ ಹಾಗಿಲ್ಲ. ಇಷ್ಟು ಮಾಡಿ ನೋಡಿ. ಮೊದಲ ಸಲ ಕೌಂಟರ್ ಹುಡುಗಿ 'ಹೋಟೆಲ್ ತುಂಬಿದೆ' ಅಂತಲೇ ಶುರು ಮಾಡುತ್ತಾಳೆ, ಎದುರಿನವಳ ದನಿ ಏರುತ್ತದೆ. ಎರಡನೇ ಸಲ ಮೊದಲು ಅಮ್ಮನಿಗೆ ಕುರ್ಚಿ ಕೊಡಿಸಿ ಆಮೇಲೆ ಹೆಚ್ಚುವರಿ ಹಾಸಿಗೆಯ ಮಾತು ತೆಗೆಯುತ್ತಾಳೆ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಹಿರಿಯರು ಹೇಳಿದ್ದು ಇದಕ್ಕೇ. ಇಲ್ಲಿ ವ್ಯಾಕರಣ ಎರಡೂ ಸಲ ಅಷ್ಟೇ ಇತ್ತು, ಬದಲಾದದ್ದು ಯಾವುದನ್ನು ಮೊದಲು ಹೇಳಬೇಕು ಎಂಬುದು.

ಫೋನಿನ ಅಭ್ಯಾಸ ಬೇರೆಯೇ ಬೇಕು. ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಮುಖ ಕಾಣಬಾರದು. ಹೆಸರಿನ ಸ್ಪೆಲಿಂಗ್, ಆರು ಅಕ್ಷರದ ಬುಕಿಂಗ್ ಕೋಡ್, ದಿನಾಂಕ, ಕೋಣೆ ನಂಬರ್ ಇಷ್ಟನ್ನು ಒಬ್ಬರು ಹೇಳಿ ಇನ್ನೊಬ್ಬರು ಬರೆದುಕೊಳ್ಳಲಿ. ಫೋನಿನಲ್ಲಿ ಬಿ, ಡಿ, ಪಿ, ಟಿ ಎಲ್ಲ ಒಂದೇ ಥರ ಕೇಳಿಸುತ್ತವೆ. ಅದಕ್ಕೇ ವಿಮಾನಯಾನದಲ್ಲಿ 1956ರಿಂದ ಆಲ್ಫಾ, ಬ್ರಾವೊ, ಚಾರ್ಲಿ, ಡೆಲ್ಟಾ ಅಂತ ಅಕ್ಷರಕ್ಕೊಂದರಂತೆ 26 ಪದಗಳ ಪಟ್ಟಿ ಬಳಕೆಯಲ್ಲಿದೆ. ಒಂದು ವಾರದಲ್ಲಿ ಬಾಯಿಪಾಠ ಆಗುವಂಥದ್ದು, ಆದರೆ ಡಿಗ್ರಿ ಮುಗಿಸಿ ಬಂದವರಲ್ಲಿ ಗೊತ್ತಿರುವವರು ಕಡಿಮೆ. ಇಂಗ್ಲಿಷಿನ ಥರ್ಟೀನ್ ಮತ್ತು ಥರ್ಟಿ, ಫಿಫ್ಟೀನ್ ಮತ್ತು ಫಿಫ್ಟಿ ಬೆರೆತು ಹೋದರಂತೂ 15ನೇ ಕೋಣೆಯವರ ಸಾಮಾನು 50ನೇ ಕೋಣೆಗೆ ಹೋಗುತ್ತದೆ. 4/5 ಅಂತ ಬರೆದರೆ ಅಮೆರಿಕದವರಿಗೆ ಏಪ್ರಿಲ್ 5, ಬ್ರಿಟನ್ನಿನವರಿಗೆ ಮೇ 4. ತಿಂಗಳ ಹೆಸರು ಹೇಳಿ ಖಾತ್ರಿ ಮಾಡಿಕೊಳ್ಳುವ ಅಭ್ಯಾಸ ಕಾಲೇಜಿನಲ್ಲೇ ಬಂದುಬಿಡಬೇಕು.

ಗೈಡ್ ಆಗಬೇಕು ಅನ್ನುವ ಮಕ್ಕಳದ್ದು ಇನ್ನೊಂದು ಕಥೆ. ಅವರು ಎರಡು ಪುಟ ಉರು ಹೊಡೆದಿರುತ್ತಾರೆ. ಇಸವಿ, ರಾಜನ ಹೆಸರು, ಗೋಪುರದ ಎತ್ತರ ಎಲ್ಲ ಸರಾಗವಾಗಿ ಬರುತ್ತದೆ. ಅಷ್ಟರಲ್ಲಿ ಗುಂಪಿನಲ್ಲಿದ್ದ ಮಗುವೊಂದು 'ಆ ಕಲ್ಲನ್ನು ಮೇಲೆ ಹೇಗೆ ಹತ್ತಿಸಿದರು' ಅಂತ ಕೇಳುತ್ತದೆ, ದಾರ ಕಡಿಯುತ್ತದೆ, ಅವರು ಮತ್ತೆ ಮೊದಲ ಸಾಲಿನಿಂದ ಶುರು ಮಾಡುತ್ತಾರೆ. ಹಾಗಾಗಿ ತರಗತಿಯಲ್ಲಿ ಒಬ್ಬರು ವಿವರಿಸುವಾಗ ಉಳಿದವರಿಗೆ ಅಡ್ಡ ಪ್ರಶ್ನೆ ಕೇಳುವ ಕೆಲಸ ಕೊಡಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಅನ್ನುವುದೂ ಅಭ್ಯಾಸದಿಂದಲೇ ಬರಬೇಕು, ಇಲ್ಲದಿದ್ದರೆ ಬಾಯಿಗೆ ಬಂದ ಕಥೆ ಕಟ್ಟಿ ಹೇಳುತ್ತಾರೆ. ಮತ್ತೆ ಇದನ್ನೆಲ್ಲ ಮೊದಲು ಸ್ವಂತ ಭಾಷೆಯಲ್ಲೇ ಮಾಡಿಸಿ. ತನ್ನ ಭಾಷೆಯಲ್ಲಿ ಎರಡು ನಿಮಿಷ ಸ್ವಾರಸ್ಯವಾಗಿ ಹೇಳಲು ಬರದವನಿಗೆ ಫ್ರೆಂಚ್ ಕಲಿಸಿದ ಮಾತ್ರಕ್ಕೆ ಸ್ವಾರಸ್ಯ ಬರುವುದಿಲ್ಲ.

ಮೇಷ್ಟ್ರುಗಳಲ್ಲಿ ಒಂದೇ ವಿನಂತಿ. ಮಗು ಮಾತಾಡುವಾಗ ನಡುವೆ ಬಾಯಿ ಹಾಕಿ ತಿದ್ದಬೇಡಿ. ತಪ್ಪುಗಳನ್ನು ಬರೆದಿಟ್ಟುಕೊಂಡು ಮುಗಿದ ಮೇಲೆ ಹೇಳಿ, ಅದರಲ್ಲೂ ಅರ್ಥವೇ ಕೆಡುವಂಥ ತಪ್ಪುಗಳನ್ನು ಮೊದಲು ಹೇಳಿ. ಪ್ರತಿ ಸಾಲಿಗೂ ತಿದ್ದಿಸಿಕೊಂಡ ಮಗು ಮುಂದಿನ ಸಲ ಕೈ ಎತ್ತುವುದೇ ಇಲ್ಲ, ನೋಡಿದ್ದೀರಿ ಅಲ್ವಾ?

ಉಚ್ಚಾರಣೆ ವಿಷಯಕ್ಕೂ ಒಂದು ಮಾತು. ಅಮೆರಿಕದವರ ಥರ, ಇಂಗ್ಲೆಂಡಿನವರ ಥರ ನಾಲಿಗೆ ಹೊರಳಿಸುವುದನ್ನು ಕಲಿಸುತ್ತೇವೆ ಅಂತ ದುಡ್ಡು ತೆಗೆದುಕೊಳ್ಳುವವರಿದ್ದಾರೆ. ಅದು ಬೇಡ. ಇಂಗ್ಲಿಷಿನಲ್ಲಿ ಮಾತಾಡಿಸುವ ಎಷ್ಟೋ ಪ್ರವಾಸಿಗಳಿಗೆ ಇಂಗ್ಲಿಷ್ ತಾಯ್ನುಡಿಯೇ ಅಲ್ಲ. ಜಪಾನಿನಿಂದ ಬಂದವರು, ಸ್ಪೇನಿನಿಂದ ಬಂದವರು ನಮ್ಮ ಹಾಗೇ ಕಲಿತವರು. ಅವರಿಗೆ ಬೇಕಾದದ್ದು ನಿಧಾನ, ಸ್ಪಷ್ಟ, ಸಣ್ಣ ವಾಕ್ಯ. ಆ ಸಮಯವನ್ನು ಬೇರೆ ಬೇರೆ ದೇಶದವರ ಇಂಗ್ಲಿಷ್ ಕೇಳಿ ಅರ್ಥ ಮಾಡಿಕೊಳ್ಳಲು ಬಳಸಿದರೆ ನೂರು ಪಾಲು ಉಪಯೋಗ. ನಾಚಿಕೆ ಇರುವವರು ಮೊಬೈಲಿನ ಆ್ಯಪ್ ಜೊತೆ ಮಾತಾಡಿ ಶುರು ಮಾಡಬಹುದು, ಒಳ್ಳೆಯದೇ. ಆದರೆ ಆ್ಯಪ್ ನೀವು ತಡವರಿಸಿದರೂ ತಾಳ್ಮೆಯಿಂದ ಕಾಯುತ್ತದೆ. ಹಿಂದೆ ಸಾಲಿನಲ್ಲಿ ಹತ್ತು ಜನ ನಿಂತಿರುವಾಗ ಮನುಷ್ಯರು ಕಾಯುವುದಿಲ್ಲ.

ಇನ್ನು ಕೆಲಸ ಹುಡುಕುವ ವಿಷಯ. ಇದನ್ನು ಕೊನೆಯ ಸೆಮಿಸ್ಟರಿನ ಒಂದು ದಿನದ ಕಾರ್ಯಾಗಾರದಲ್ಲಿ ಮುಗಿಸುವುದು ನೋಡಿದರೆ ಬೇಸರವಾಗುತ್ತದೆ. ಎಲ್ಲರಿಗೂ ಒಂದೇ ನಮೂನೆಯ ರೆಸ್ಯೂಮೆ ಕೊಡುತ್ತಾರೆ, ಎಲ್ಲರೂ ಅದರಲ್ಲಿ 'ಕಷ್ಟಪಟ್ಟು ದುಡಿಯುವವನು, ಬೇಗ ಕಲಿಯುವವನು' ಅಂತ ಬರೆಯುತ್ತಾರೆ. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. 'ಫ್ರೆಂಚ್ ಚೆನ್ನಾಗಿ ಬರುತ್ತದೆ' ಅನ್ನುವ ಬದಲು 'ಫ್ರೆಂಚ್, ಎ2' ಅಂತ ಬರೆಯಿರಿ. ಅಮೆಡಿಯಸ್, ಗೆಲಿಲಿಯೋ, ಸೇಬರ್ ಇವುಗಳಲ್ಲಿ ಯಾವ ಬುಕಿಂಗ್ ವ್ಯವಸ್ಥೆಯಲ್ಲಿ ಕೈ ಆಡಿಸಿದ್ದೀರಿ, ಅದರಲ್ಲಿ ಏನು ಮಾಡಲು ಬರುತ್ತದೆ, ಅದನ್ನು ಬರೆಯಿರಿ. ಒಂದು ಪುಟ ಸಾಕು.

ಇಂಟರ್‌ವ್ಯೂನಲ್ಲಿ 'ನಿಮ್ಮ ಬಗ್ಗೆ ಹೇಳಿ' ಅಂದ ಕೂಡಲೇ ತಂದೆ ಹೆಸರು, ಶಾಲೆ ಹೆಸರು, ಹವ್ಯಾಸ ಅಂತ ಶುರು ಮಾಡುತ್ತಾರೆ. ಅದೆಲ್ಲ ನಮ್ಮ ಕೈಯಲ್ಲಿರುವ ಹಾಳೆಯಲ್ಲೇ ಇದೆ. ನಮಗೆ ತಿಳಿಯಬೇಕಾದದ್ದು ಎಲ್ಲಾದರೂ ಏನಾದರೂ ಕೈಕೊಟ್ಟಾಗ ನೀವು ಏನು ಮಾಡಿದಿರಿ ಅಂತ. ಕೆಲಸದ ಅನುಭವ ಇಲ್ಲದಿದ್ದರೇನು, ಕಾಲೇಜಿನ ಪ್ರವಾಸ ಇರುತ್ತದಲ್ಲ. ಬಸ್ಸು ಎರಡು ಗಂಟೆ ತಡವಾಯಿತು, ಜನರನ್ನು ವಿಚಾರಿಸಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು, ಊಟದ ಜಾಗಕ್ಕೆ ಫೋನ್ ಮಾಡಿ ಸಮಯ ಬದಲಿಸಿದೆ, ಮ್ಯೂಸಿಯಂ ಮುಚ್ಚುವ ಮುಂಚೆ ಅಲ್ಲಿಗೆ ಮೊದಲು ಕರೆದುಕೊಂಡು ಹೋದೆ, ಯಾರಿಗೂ ಏನೂ ತಪ್ಪಲಿಲ್ಲ. ಒಂದು ನಿಮಿಷದ ಮಾತು, ನಡೆದದ್ದು, ನನ್ನ ಪಾಲು, ನಾನು ಮಾಡಿದ್ದು, ಕೊನೆಗೆ ಆದದ್ದು ಎಲ್ಲ ಬಂತು. ಇಂಥ ಮೂರು ನಾಲ್ಕು ಘಟನೆಗಳನ್ನು ಜೋರಾಗಿ ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿಸಿಕೊಂಡು, ಮತ್ತೆ ಹೇಳಬೇಕು. ಬರೆದು ಉರು ಹೊಡೆದರೆ ನಮಗೆ ಗೊತ್ತಾಗಿಬಿಡುತ್ತದೆ. ಕೊನೆಗೆ 'ನಿಮ್ಮದೇನಾದರೂ ಪ್ರಶ್ನೆ?' ಅಂದಾಗ ಇಲ್ಲ ಅಂತ ತಲೆಯಾಡಿಸಬೇಡಿ. ಪಾಳಿ ಹೇಗೆ, ಸೀಸನ್ ಮುಗಿದ ಮೇಲೆ ಕೆಲಸ ಇರುತ್ತದಾ, ಮೊದಲ ತಿಂಗಳು ಯಾರು ಕಲಿಸುತ್ತಾರೆ, ಕೇಳಿ. ಕೇಳಿದವರನ್ನು ಯಾರೂ ಕೀಳಾಗಿ ನೋಡುವುದಿಲ್ಲ. ಸೀಸನ್ ಅಂದೆನಲ್ಲ, ಅರ್ಜಿಯನ್ನು ಸೀಸನ್ ಶುರುವಾಗುವ ಮೂರು ನಾಲ್ಕು ತಿಂಗಳು ಮುಂಚೆಯೇ ಹಾಕಬೇಕು, ಶುರುವಾದ ಮೇಲೆ ಹೊಸಬರಿಗೆ ಕಲಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಕ್ರೂಸ್ ಹಡಗಿನ ಕೆಲಸ ಅಂತ ಆಸೆ ತೋರಿಸಿ ಮುಂಗಡ ಕೇಳುವವರ ಬಗ್ಗೆ ಪ್ರತಿ ಕಾಲೇಜೂ ಎಚ್ಚರಿಸಬೇಕು. 2013ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ಹಡಗಿನಲ್ಲಿ ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರರಿಂದ ಕಮಿಷನ್ ತೆಗೆದುಕೊಳ್ಳುವ ಹಾಗಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಪಾಸ್‌ಪೋರ್ಟ್, ನಾವಿಕರ ಪುಸ್ತಕ ಇಂಥ ಸ್ವಂತ ದಾಖಲೆಗಳ ಖರ್ಚು ಮಾತ್ರ ಕೆಲಸಗಾರರದ್ದು. ವೀಸಾ ಖರ್ಚು ಕೂಡ ಹಡಗಿನ ಮಾಲೀಕರದ್ದೇ. ಹಡಗಿನ ಹೋಟೆಲ್ ವಿಭಾಗದಲ್ಲಿ ದುಡಿಯುವವರಿಗೂ ಇದು ಸಾಮಾನ್ಯವಾಗಿ ಅನ್ವಯಿಸುತ್ತದೆ. ಕೆಲಸ ಹುಡುಕುವುದನ್ನು ಕಲಿಸುವುದು ಅಂದರೆ ಇದನ್ನೂ ಕಲಿಸಬೇಕು. ಸಾಲ ಮಾಡಿ ದುಡ್ಡು ಕಟ್ಟಿ ಮೋಸ ಹೋದ ಮೇಲೆ ಹೇಳಿ ಏನು ಬಂತು?

ವಿಶ್ವವಿದ್ಯಾಲಯಗಳು ಒಂದು ಕೆಲಸ ಮಾಡಲಿ. ಭಾಷಾ ಪತ್ರಿಕೆಯ ಅರ್ಧ ಅಂಕಗಳನ್ನು ಮಾತಿಗೆ ಇಡಲಿ. ಇಬ್ಬಿಬ್ಬರಾಗಿ ಒಳಗೆ ಕರೆದು, ಮುಂಚೆ ನೋಡಿರದ ಚೀಟಿ ಕೊಟ್ಟು, ಹತ್ತು ನಿಮಿಷ ಮಾತಾಡಿಸಿ ಅಂಕ ಹಾಕಲಿ. ಪರೀಕ್ಷೆಯಲ್ಲಿ ಬರುತ್ತದೆ ಅಂತ ಗೊತ್ತಾದರೆ ಮಕ್ಕಳೂ ಮೇಷ್ಟ್ರುಗಳೂ ಅದಕ್ಕೆ ಸಮಯ ಕೊಟ್ಟೇ ಕೊಡುತ್ತಾರೆ.

ಮತ್ತು ಹೋಟೆಲ್, ಏರ್‌ಲೈನ್, ಟ್ರಾವೆಲ್ ಕಚೇರಿಗಳಲ್ಲಿ ಇರುವ ಓದುಗರೇ, ನಿಮ್ಮ ಹತ್ತಿರದ ಕಾಲೇಜಿಗೆ ತಿಂಗಳಿಗೊಂದು ಮಧ್ಯಾಹ್ನ ಹೋಗಿ ಅಣಕು ಇಂಟರ್‌ವ್ಯೂ ಮಾಡಿ. ಪರಿಚಯವಿಲ್ಲದ ಮುಖದ ಎದುರು ಕೂತು ಮಾತಾಡುವುದೇ ಮಕ್ಕಳಿಗೆ ದೊಡ್ಡ ಅಭ್ಯಾಸ, ಅದನ್ನು ಅವರ ಮೇಷ್ಟ್ರು ಎಷ್ಟು ಒಳ್ಳೆಯವರಾದರೂ ಕೊಡಲು ಆಗುವುದಿಲ್ಲ. ಭಾಷಣ ಬೇಡ. ಒಬ್ಬೊಬ್ಬರಿಗೆ ಹತ್ತು ನಿಮಿಷ ಕೊಡಿ, ನಿಮ್ಮಲ್ಲಿಗೆ ನಿಜವಾಗಿ ಬಂದವರಿಗೆ ಕೇಳುವ ಪ್ರಶ್ನೆಗಳನ್ನೇ ಕೇಳಿ, ಏಳುವ ಮುಂಚೆ ಏನು ಚೆನ್ನಾಗಿತ್ತು, ಮುಂದಿನ ತಿಂಗಳೊಳಗೆ ಯಾವುದೊಂದನ್ನು ತಿದ್ದಿಕೊಳ್ಳಬೇಕು ಅಂತ ಮುಖಕ್ಕೆ ಮುಖ ಕೊಟ್ಟು ಹೇಳಿ. ಮುಂದಿನ ತಿಂಗಳು ಹೋದಾಗ ಅದೇ ಮಕ್ಕಳನ್ನು ಮತ್ತೆ ಕೂರಿಸಿಕೊಳ್ಳಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು